ರೋಸ್ಟರ್ ನೋಡುವಾಗ ಪಾಯಿಂಟ್ ಕೂಡಬೇಡಿ, ಕೆಲಸ ಎಣಿಸಿ

ನೀವು ಕೇಳಿದ್ದು ಇಷ್ಟು: ಕನೆಕ್ಟಿಕಟ್‌ಗೆ ಬಂದು ವರ್ಷವಾಯಿತು, ಅಕ್ಟೋಬರ್ ಬಂತೆಂದರೆ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ಪುರುಷರ ಬ್ಯಾಸ್ಕೆಟ್‌ಬಾಲ್ ರೋಸ್ಟರಿನದೇ, ಅಂದರೆ ಆಟಗಾರರ ಪಟ್ಟಿಯದೇ ಮಾತು. ಹೆಸರು, ಎತ್ತರ, ಊರು ಬಿಟ್ಟರೆ ಏನೂ ಇಲ್ಲದ ಆ ಪಟ್ಟಿ ನೋಡಿ ಸೀಸನ್ ಹೇಗಿರುತ್ತದೆಂದು ಹೇಗೆ ಹೇಳುತ್ತಾರೆ? 2023, 2024 ಎರಡೂ ವರ್ಷ ರಾಷ್ಟ್ರೀಯ ಚಾಂಪಿಯನ್ ಆದ ತಂಡ 2025ರಲ್ಲಿ ಯಾಕೆ ಎಡವಿತು?

ಎರಡನೆಯ ಪ್ರಶ್ನೆಯಲ್ಲೇ ಮೊದಲನೆಯದಕ್ಕೆ ಉತ್ತರ ಇದೆ. ಕೋಚ್ ಅದೇ ಡ್ಯಾನ್ ಹರ್ಲಿ, ಆಟದ ಪದ್ಧತಿಯೂ ಅದೇ. 2023, 2024 ಎರಡು ಬೇಸಿಗೆಯಲ್ಲೂ ಅರ್ಧ ಮನೆ ಖಾಲಿಯಾಗಿ ಮತ್ತೆ ತುಂಬಿತು. ಒಮ್ಮೆ 37 ಗೆಲುವು 3 ಸೋಲು, ಇನ್ನೊಮ್ಮೆ 24 ಗೆಲುವು 11 ಸೋಲು. ಆ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಯಾವುದೇ ಕಾಲೇಜು ತಂಡವನ್ನು ಓದುವುದು ಬಂದ ಹಾಗೆ.

ಮೊದಲು ಹಾಳೆಯ ಮೇಲೆ ಲೆಕ್ಕ ಹಾಕಿ. ಪುರುಷರ ಕಾಲೇಜು ಪಂದ್ಯ 20 ನಿಮಿಷದ ಎರಡು ಅರ್ಧ, ಅಂಗಳದಲ್ಲಿ ಐವರು. ಅಂದರೆ ಒಂದು ಪಂದ್ಯಕ್ಕೆ ಹಂಚಲು ನಿಮ್ಮ ಕೈಲಿರುವುದು 200 ನಿಮಿಷ, ಹೆಚ್ಚುವರಿ ಅವಧಿ ಬಿಟ್ಟು. ಕಳೆದ ಸೀಸನ್ನಿನ ಅಂಕಿಅಂಶದ ಪುಟದಲ್ಲಿ ಪ್ರತಿ ಆಟಗಾರನ ಸರಾಸರಿ ನಿಮಿಷ ಇರುತ್ತದೆ. ಹೋದವರದ್ದು ಒಂದು ಕಡೆ, ಉಳಿದವರದ್ದು ಇನ್ನೊಂದು ಕಡೆ ಬರೆಯಿರಿ. ಉಳಿದವರ ಮೊತ್ತ 120 ದಾಟಿದರೆ ತಂಡಕ್ಕೆ ಬೆನ್ನೆಲುಬು ಇದೆ ಎಂದು ನಾನು ಎಣಿಸುತ್ತೇನೆ. 80ಕ್ಕಿಂತ ಕೆಳಗಿದ್ದರೆ ಅದು ಹೊಸ ತಂಡ, ಜೆರ್ಸಿ ಮಾತ್ರ ಹಳೆಯದು. ಗಾಯದಿಂದ ಅರ್ಧ ಸೀಸನ್ ಕೂತವರ ಸರಾಸರಿ ಮೋಸ ಮಾಡುತ್ತದೆ. ಅವರ ಒಟ್ಟು ನಿಮಿಷವನ್ನು ತಂಡ ಆಡಿದ ಪಂದ್ಯಗಳ ಸಂಖ್ಯೆಯಿಂದ ಭಾಗಿಸಿ, ಅವರೇ ಆಡಿದ ಪಂದ್ಯಗಳಿಂದಲ್ಲ.

ಹೆಚ್ಚಿನವರು ಇಲ್ಲಿ ನಿಮಿಷದ ಬದಲು ಪಾಯಿಂಟ್ ಕೂಡುತ್ತಾರೆ. ಎಡವಟ್ಟಾಗುವುದು ಅಲ್ಲೇ. 2023ರಲ್ಲಿ ಗೆದ್ದ ತಂಡದಿಂದ 17.2 ಸರಾಸರಿಯ ಅಡಾಮಾ ಸನೊಗೊ, 16.2ರ ಜೋರ್ಡನ್ ಹಾಕಿನ್ಸ್, ಜೊತೆಗೆ ಆಂಡ್ರೆ ಜ್ಯಾಕ್ಸನ್ ಹೋದರು. ಪಾಯಿಂಟ್ ಕೂಡಿದರೆ ತಂಡ ಮುಗಿಯಿತು ಅನ್ನಬೇಕು. ಆದರೆ ಪಾಯಿಂಟ್ ಯಾರಾದರೂ ಹೊಡೆಯುತ್ತಾರೆ. 30 ಸೆಕೆಂಡಿನೊಳಗೆ ಯಾರೋ ಒಬ್ಬರು ಚೆಂಡು ಎಸೆಯಲೇಬೇಕಲ್ಲ. ಖಾಲಿಯಾದ ಜಾಗ ತುಂಬದೇ ಉಳಿಯುವುದು ಕೆಲಸದ ಲೆಕ್ಕದಲ್ಲಿ.

ನಾನು ನೋಡುವ ಕೆಲಸಗಳು ಐದು. ಎದುರಾಳಿ ಮೈಮೇಲೆ ಬಿದ್ದಾಗಲೂ ಚೆಂಡನ್ನು ಅರ್ಧ ಅಂಗಳ ದಾಟಿಸಿ ಆಟ ಕಟ್ಟುವವ ಯಾರು? ಎದುರಾಳಿಯ ಅತ್ಯುತ್ತಮ ಗಾರ್ಡ್‌ಗೆ (ಹೊರಗಿನಿಂದ ಚೆಂಡು ನಡೆಸುವ ಆಟಗಾರ) ಅಂಟಿಕೊಳ್ಳುವವ ಯಾರು? ರಿಂಗಿನ ಕೆಳಗೆ ಕಾವಲು ಯಾರದು? ಅವನು ಫೌಲ್ ಮಾಡಿ ಕೂತರೆ ಎರಡನೇ ಸೆಂಟರ್ ಯಾರು? ಚೆಂಡು ಕೈಯಲ್ಲಿಲ್ಲದಾಗಲೂ ಎದುರಾಳಿ ಬಿಟ್ಟು ಹೋಗಲಾಗದಂಥ ಶೂಟರ್ ಯಾರು? ಪ್ರತಿಯೊಂದರ ಮುಂದೆ ಎರಡು ಹೆಸರು ಬರೆಯಿರಿ. ಎರಡನೇ ಹೆಸರು ಬರೆಯುವಾಗ ಪೆನ್ನು ಎಲ್ಲಿ ನಿಲ್ಲುತ್ತದೋ ಫೆಬ್ರವರಿಯಲ್ಲಿ ತಂಡ ಒಡೆಯುವುದು ಅಲ್ಲೇ.

2023ರ ಬೇಸಿಗೆಯ ಯುಕಾನ್ ಪಟ್ಟಿಗೆ ಇದನ್ನು ಹಚ್ಚಿ ನೋಡಿ. ಆಟ ಕಟ್ಟಲು ಟ್ರಿಸ್ಟನ್ ನ್ಯೂಟನ್ ಉಳಿದಿದ್ದ, ಅವನ ಹಿಂದೆ ಹಸನ್ ಡಿಯಾರಾ. ಫಾರ್ವರ್ಡ್ ಜಾಗದಲ್ಲಿ ಅಲೆಕ್ಸ್ ಕರಬಾನ್. ಹಾಕಿನ್ಸ್ ಮಾಡುತ್ತಿದ್ದದ್ದು ಸ್ಕ್ರೀನ್ (ಎದುರಾಳಿಗೆ ಅಡ್ಡ ನಿಂತ ಸಹ ಆಟಗಾರ) ಸುತ್ತಿ ಓಡಿ ಬಂದು ಹೊಡೆಯುವ ಶೂಟರ್ ಕೆಲಸ. ಆ ಜಾಗಕ್ಕೆ ರಟ್ಗರ್ಸ್‌ನಿಂದ ಕ್ಯಾಮ್ ಸ್ಪೆನ್ಸರ್ ಬಂದ. ಎದುರಾಳಿ ಗಾರ್ಡ್‌ಗೆ ಅಂಟಿಕೊಳ್ಳಲು 6 ಅಡಿ 6 ಇಂಚಿನ ಹೊಸ ಹುಡುಗ ಸ್ಟೆಫಾನ್ ಕ್ಯಾಸಲ್. ರಿಂಗಿನ ಕೆಳಗೆ ಡೊನೊವನ್ ಕ್ಲಿಂಗನ್, ಅವನ ಹಿಂದೆ ಸ್ಯಾಮ್ಸನ್ ಜಾನ್ಸನ್. ಐದೂ ಸಾಲು ತುಂಬಿದವು. ಸೀಸನ್ ಪೂರ್ವದ ಎಪಿ ಪಟ್ಟಿಯಲ್ಲಿ (ಪತ್ರಕರ್ತರ ಮತದಿಂದ ಮಾಡುವ ರ‍್ಯಾಂಕಿಂಗ್) ಈ ತಂಡಕ್ಕೆ ಸಿಕ್ಕಿದ್ದು 6ನೇ ಸ್ಥಾನ. ಹೋದವರ ಪಾಯಿಂಟ್ ಮತದಾರರ ಕಣ್ಣಿಗೆ ದೊಡ್ಡದಾಗಿ ಕಂಡಿರಬೇಕು.

ಕ್ಲಿಂಗನ್ ವಿಷಯ ಸ್ವಲ್ಪ ಹತ್ತಿರದಿಂದ ನೋಡೋಣ, ಬೆಂಚಿನ ಆಟಗಾರನನ್ನು ಅಳೆಯುವ ರೀತಿ ಅದರಲ್ಲಿದೆ. ಮೊದಲ ವರ್ಷ ಅವನಿಗೆ ಸಿಕ್ಕಿದ್ದು ಪಂದ್ಯಕ್ಕೆ 13.1 ನಿಮಿಷ, ಅಷ್ಟರಲ್ಲಿ 6.9 ಪಾಯಿಂಟ್, 5.6 ರೀಬೌಂಡ್ (ಗುರಿ ತಪ್ಪಿದ ಚೆಂಡು ಹಿಡಿದದ್ದು), 1.8 ಬ್ಲಾಕ್ (ಎದುರಾಳಿಯ ಎಸೆತ ತಡೆದದ್ದು). ಪ್ರತಿಯೊಂದನ್ನೂ 13.1ರಿಂದ ಭಾಗಿಸಿ 40ರಿಂದ ಗುಣಿಸಿದರೆ 21 ಪಾಯಿಂಟ್, 17 ರೀಬೌಂಡ್, 5.5 ಬ್ಲಾಕ್ ಬರುತ್ತದೆ. ಮರುವರ್ಷ 22.5 ನಿಮಿಷ ಸಿಕ್ಕಾಗ ಅವನು ಮಾಡಿದ್ದು 13 ಪಾಯಿಂಟ್, 7.4 ರೀಬೌಂಡ್, 2.5 ಬ್ಲಾಕ್. ಮತ್ತೆ 40 ನಿಮಿಷಕ್ಕೆ ಏರಿಸಿದರೆ ಪಾಯಿಂಟ್ 23, ರೀಬೌಂಡ್ 13, ಬ್ಲಾಕ್ 4.4. ಪಾಯಿಂಟ್ ಇಳಿಯಲಿಲ್ಲ, ರೀಬೌಂಡ್ ಮತ್ತು ಬ್ಲಾಕ್ ಇಳಿದವು. ಬೆಂಚಿನಿಂದ ಬಂದವನಿಗೆ ಎದುರಾಳಿಯ ಎರಡನೇ ಸಾಲಿನವರು ಸಿಗುತ್ತಾರೆ, ಮೈಯಲ್ಲಿ ಹೊಸ ಉಸಿರು ಇರುತ್ತದೆ. ಆರಂಭಿಕನಾದ ಮೇಲೆ ಎರಡೂ ಇರುವುದಿಲ್ಲ. ಹಾಗಾಗಿ 40 ನಿಮಿಷದ ಲೆಕ್ಕ ಹಾಕಿ ಅದರಲ್ಲಿ ಕಾಲು ಭಾಗ ಕಡಿದು ಇಟ್ಟುಕೊಳ್ಳಿ. 10 ನಿಮಿಷಕ್ಕಿಂತ ಕಡಿಮೆ ಆಡಿದವನಿಗಂತೂ ಈ ಗುಣಾಕಾರ ಮಾಡಲೇಬೇಡಿ.

ನಿಮಿಷ ಹೆಚ್ಚು ಸಿಕ್ಕರೆ ಸಾಲದು, ಆಡುವುದಕ್ಕೂ ಆಗಬೇಕಲ್ಲ. ಐದನೇ ಫೌಲಿಗೆ ಆಟಗಾರ ಹೊರಗೆ. 15 ನಿಮಿಷಕ್ಕೆ 3 ಫೌಲ್ ಮಾಡುವ ಸೆಂಟರ್ ಅದೇ ದರದಲ್ಲಿ 25ನೇ ನಿಮಿಷಕ್ಕೆ ಮುಗಿಯುತ್ತಾನೆ. ನಿಜಕ್ಕೂ ಇನ್ನೂ ಬೇಗ ಕೂರುತ್ತಾನೆ, ಮೊದಲರ್ಧದಲ್ಲಿ ಎರಡು ಫೌಲ್ ಆದವನನ್ನು ಹೆಚ್ಚಿನ ಕೋಚ್‌ಗಳು ಹೊರಗೆ ಕರೆದುಬಿಡುತ್ತಾರೆ. ಸೆಂಟರ್‌ಗಳ ಸಾಲು ಓದುವಾಗ ನಾನು ಬ್ಲಾಕ್‌ಗಿಂತ ಮೊದಲು ಫೌಲ್ ನೋಡುವುದು ಇದಕ್ಕೇ.

ಈಗ 2024ರ ಬೇಸಿಗೆಗೆ ಬನ್ನಿ. ನ್ಯೂಟನ್, ಸ್ಪೆನ್ಸರ್, ಕ್ಯಾಸಲ್, ಕ್ಲಿಂಗನ್, ಐವರು ಆರಂಭಿಕರಲ್ಲಿ ನಾಲ್ವರು ಎನ್‌ಬಿಎ ಡ್ರಾಫ್ಟಿಗೆ (ವೃತ್ತಿಪರ ಲೀಗಿನ ಆಯ್ಕೆಗೆ) ಹೋದರು. ಕರಬಾನ್ ಒಬ್ಬ ಉಳಿದ. ಬಂದವರ ಹೆಸರು ಸಣ್ಣದೇನಲ್ಲ: ಸೇಂಟ್ ಮೇರೀಸ್‌ನಿಂದ ಏಡನ್ ಮಹಾನಿ, ಮಿಷಿಗನ್‌ನಿಂದ ಟ್ಯಾರಿಸ್ ರೀಡ್, ಹೈಸ್ಕೂಲಿನಿಂದ ಲಿಯಾಮ್ ಮೆಕ್‌ನೀಲಿ. ಎಪಿ ಪಟ್ಟಿಯಲ್ಲಿ ಈ ಸಲ 3ನೇ ಸ್ಥಾನ! 6ನೇ ಸ್ಥಾನ ಕೊಟ್ಟ ತಂಡ ಕಪ್ ತಂದಿತು, 3ನೇ ಸ್ಥಾನದ್ದು ರಾಷ್ಟ್ರೀಯ ಟೂರ್ನಿಯ ಎರಡನೇ ಸುತ್ತಿನಲ್ಲಿ ಮನೆಗೆ ಬಂತು. ಸೀಸನ್ ಪೂರ್ವದ ರ‍್ಯಾಂಕಿಂಗಿನಲ್ಲಿ ಅರ್ಧಕ್ಕರ್ಧ ಇರುವುದು ಹೋದ ವರ್ಷದ ನೆನಪು.

ಐದು ಕೆಲಸಗಳ ಪಟ್ಟಿ ಮಾಡಿದ್ದರೆ ಆಗಲೇ ಕಾಣುತ್ತಿತ್ತು. ಆಟ ಕಟ್ಟುವವ ಡಿಯಾರಾ. ಹಿಂದಿನ ವರ್ಷ ಯುಕಾನ್ ಆಡುವ ಬಿಗ್ ಈಸ್ಟ್ ಲೀಗಿನ ಅತ್ಯುತ್ತಮ ಆರನೇ ಆಟಗಾರ ಪ್ರಶಸ್ತಿ ಪಡೆದವ, ಅಂದರೆ ಬೆಂಚಿನಿಂದ ಬಂದು ಆಟದ ಗಾಳಿ ಬದಲಿಸುವವ. ಈಗ ಅವನೇ ಮೊದಲಿನಿಂದ ಕೊನೆಯವರೆಗೆ ಎಳೆಯಬೇಕು, ಹಿಂದೆ ಆಟ ಕಟ್ಟುವ ಇನ್ನೊಬ್ಬ ಪಕ್ಕಾ ಗಾರ್ಡ್ ಇಲ್ಲ. ಎದುರಾಳಿ ಗಾರ್ಡ್‌ಗೆ ಅಂಟಿಕೊಳ್ಳಲು ಕ್ಯಾಸಲ್‌ನಂಥವರಿಲ್ಲ. ರಿಂಗಿನ ಕೆಳಗೆ ಜಾನ್ಸನ್, ರೀಡ್ ಇಬ್ಬರಿದ್ದರು ನಿಜ, ಆದರೆ ಇಬ್ಬರೂ ಫೌಲಿಗೆ ಹತ್ತಿರದವರು. ನವೆಂಬರ್ ಕೊನೆಯ ವಾರ ಹವಾಯಿಯ ಮಾವಿ ಟೂರ್ನಿಯಲ್ಲಿ ಮೂರು ದಿನ ಮೂರು ಸೋಲು: ಮೆಂಫಿಸ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ 97–99, ಕೊಲರಾಡೊ ವಿರುದ್ಧ 72–73, ಡೇಟನ್ ವಿರುದ್ಧ 67–85. ಮೊದಲೆರಡು ಕೂದಲೆಳೆಯ ಸೋಲು, ಅದೃಷ್ಟ ಎನ್ನಬಹುದು. ಆದರೆ ವರ್ಷವಿಡೀ ಡಿಫೆನ್ಸ್ ಸರಿಹೋಗಲೇ ಇಲ್ಲ.

ಟ್ರಾನ್ಸ್‌ಫರ್ ಆಟಗಾರನನ್ನು ಅಳೆಯುವುದೇ ಈಗಿನ ಕಾಲದಲ್ಲಿ ಅತಿ ಕಷ್ಟದ ಭಾಗ. ಓದು ಸರಿಯಾಗಿದ್ದವರು ಎಷ್ಟು ಸಲ ಬೇಕಾದರೂ ಕಾಲೇಜು ಬದಲಿಸಿ ತಕ್ಷಣ ಆಡಬಹುದು ಎಂದು ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ 2024ರ ಏಪ್ರಿಲ್‌ನಲ್ಲಿ ನಿಯಮ ಸಡಿಲಿಸಿತು. ಅಲ್ಲಿಂದ ಪ್ರತಿ ಬೇಸಿಗೆಯೂ ಐಪಿಎಲ್ ಹರಾಜಿನ ಹಾಗೆ. ಸ್ಪೆನ್ಸರ್ ಮತ್ತು ಮಹಾನಿ ಇಬ್ಬರನ್ನೂ ಪಕ್ಕದಲ್ಲಿಡಿ. ಸ್ಪೆನ್ಸರ್ ರಟ್ಗರ್ಸ್‌ನಲ್ಲಿ 13.2 ಪಾಯಿಂಟ್, ಯುಕಾನ್‌ನಲ್ಲಿ 14.3, ತ್ರೀ-ಪಾಯಿಂಟ್ (ದೂರದ ಗೆರೆಯಾಚೆಯ ಎಸೆತ) ನಿಖರತೆ ಎರಡೂ ಕಡೆ 43–44 ಶೇಕಡಾ. ಮಹಾನಿ ಸೇಂಟ್ ಮೇರೀಸ್‌ನಲ್ಲಿ ಸುಮಾರು 14 ಪಾಯಿಂಟ್ ಹೊಡೆಯುತ್ತಿದ್ದವ ಯುಕಾನ್‌ನಲ್ಲಿ 5 ಕೂಡ ಮುಟ್ಟಲಿಲ್ಲ. ಹುಡುಗನ ಕೈ ಒಂದೇ ಬೇಸಿಗೆಯಲ್ಲಿ ಕೆಡುವುದಿಲ್ಲ. ಸ್ಪೆನ್ಸರ್ ಮಾಡುವ ಕೆಲಸಕ್ಕೆ ಚೆಂಡು ಕೈಯಲ್ಲಿ ಇರಬೇಕಾಗಿಲ್ಲ: ಓಡು, ಹಿಡಿ, ಹೊಡೆ. ಅದನ್ನು ಯಾವ ಊರಿಗೆ ಬೇಕಾದರೂ ಒಯ್ಯಬಹುದು. ಮಹಾನಿಯ ಆಟ ಚೆಂಡು ತಟ್ಟುತ್ತಾ ಸ್ಕ್ರೀನ್ ಬಳಸಿ ತಾನೇ ದಾರಿ ಮಾಡಿಕೊಳ್ಳುವಂಥದ್ದು. ಹರ್ಲಿಯ ಪದ್ಧತಿಯಲ್ಲಿ ಚೆಂಡು ಒಬ್ಬನ ಕೈಯಲ್ಲಿ ಅಷ್ಟು ಹೊತ್ತು ನಿಲ್ಲುವುದಿಲ್ಲ, ಜೊತೆಗೆ ಡಿಫೆನ್ಸ್‌ನಲ್ಲಿ ನಿಲ್ಲಲಾಗದವನಿಗೆ ನಿಮಿಷವೂ ಸಿಗುವುದಿಲ್ಲ. ಹೊಸಬ ಬಂದಾಗ ಹಳೆಯ ಕಾಲೇಜಿನಲ್ಲಿ ಎಷ್ಟು ಹೊಡೆದ ಎನ್ನುವುದಕ್ಕಿಂತ ಹೇಗೆ ಹೊಡೆದ ಎಂದು ನೋಡಿ. ಎರಡು ಪಂದ್ಯದ ಮೊದಲ ಹತ್ತು ನಿಮಿಷ ವಿಡಿಯೊ ಸಾಕು.

ಶೇಕಡಾವಾರಿನಲ್ಲೂ ಒಂದು ಬಲೆ ಇದೆ. 40 ತ್ರೀ ಎಸೆದು 18 ಹಾಕಿದವ 45 ಶೇಕಡಾ. ಅದರಲ್ಲಿ ಮೂರು ಚೆಂಡು ರಿಂಗಿಗೆ ತಾಗಿ ಹೊರಗೆ ಬಿದ್ದಿದ್ದರೆ ಅವನೇ 37.5. 150 ಎಸೆತ ದಾಟದವನ ತ್ರೀ-ಪಾಯಿಂಟ್ ಅಂಕಿಯನ್ನು ನಂಬಬೇಡಿ, ಬದಲಿಗೆ ಫೌಲ್ ಆದಾಗ ಸಿಗುವ ಫ್ರೀ ಥ್ರೋ ನೋಡಿ. ಅಲ್ಲಿ ಅಡ್ಡ ಬರುವವರಿಲ್ಲ, ಕೈಯ ಗುಣ ಮಾತ್ರ. ತ್ರೀಯಲ್ಲಿ 30, ಫ್ರೀ ಥ್ರೋದಲ್ಲಿ 85 ಇರುವ ಹುಡುಗ ಮುಂದೆ ಸುಧಾರಿಸುವ ಸಾಧ್ಯತೆ ಹೆಚ್ಚು. ತ್ರೀಯಲ್ಲಿ 40, ಫ್ರೀ ಥ್ರೋದಲ್ಲಿ 60 ಇರುವವನ ಬಗ್ಗೆ ನನಗೆ ಅನುಮಾನ.

ಪಟ್ಟಿಯಲ್ಲಿರುವ ಅಕ್ಷರಗಳನ್ನು ಬೇಗ ಮುಗಿಸೋಣ. ಫ್ರೆಶ್‌ಮನ್, ಸೋಫೋಮೋರ್, ಜೂನಿಯರ್, ಸೀನಿಯರ್ ಅಂದರೆ ಒಂದರಿಂದ ನಾಲ್ಕನೇ ವರ್ಷ. ಮುಂದೆ ‘ರೆಡ್‌ಶರ್ಟ್’ ಎಂದಿದ್ದರೆ ಒಂದು ಸೀಸನ್ ಆಡದೆ ತಂಡದ ಜೊತೆ ಇದ್ದ. ಕರಬಾನ್ 2022ರ ಜನವರಿಯಲ್ಲೇ ಸೇರಿ ಆ ವಸಂತ ಬರೀ ಅಭ್ಯಾಸ ಮಾಡಿದ, ಅದಕ್ಕೇ ಅವನ ಹೆಸರಿನ ಮುಂದೆ ಆ ಗುರುತು. ಎತ್ತರಕ್ಕೆ ಒಂದು ಇಂಚು ಕಳೆದು ಓದಿ, ಸಾಮಾನ್ಯವಾಗಿ ಶೂ ಹಾಕಿ ಅಳೆದದ್ದು, ಕೆಲವೊಮ್ಮೆ ಉದಾರವಾಗಿ ಅಳೆದದ್ದು. ಕೈಚಾಚು (ಎರಡೂ ಕೈ ಅಗಲಿಸಿದಾಗಿನ ಅಳತೆ) ಸಿಕ್ಕರೆ ಅದು ಹೆಚ್ಚು ಉಪಯೋಗ: ಕ್ಲಿಂಗನ್ ಎತ್ತರ 7 ಅಡಿ 2 ಇಂಚಾದರೆ ಕೈಚಾಚು 7 ಅಡಿ 6 ಇಂಚು ದಾಟುತ್ತಿತ್ತು. 2025–26ರಿಂದ ಆಟಗಾರರೊಂದಿಗೆ ಆದಾಯ ಹಂಚಿಕೊಳ್ಳುವ ಹೊಸ ಒಪ್ಪಂದಕ್ಕೆ ಬಂದ ಕಾಲೇಜುಗಳಿಗೆ ತಂಡದಲ್ಲಿ 15 ಜನರ ಮಿತಿ. ಆದರೆ ನಿಜವಾಗಿ ಆಡುವವರು ಎಂಟು, ಹೆಚ್ಚೆಂದರೆ ಒಂಬತ್ತು. ಹತ್ತನೆಯವನ ಬಗ್ಗೆ ಅಕ್ಟೋಬರ್‌ನಲ್ಲಿ ಎಷ್ಟೇ ಹೊಗಳಿಕೆ ಬಂದರೂ ಕಿವಿಗೆ ಹಾಕಿಕೊಳ್ಳಬೇಡಿ.

ಹೊಗಳಿಕೆ ನಿಜವಾಗುವುದು ಎರಡನೇ ವರ್ಷದವರ ವಿಷಯದಲ್ಲಿ. ಸಾಲೊ ಬಾಲ್ ಮೊದಲ ವರ್ಷ ಪಂದ್ಯಕ್ಕೆ ಮೂರು ಚಿಲ್ಲರೆ ಪಾಯಿಂಟ್ ಹೊಡೆದವ, ಎರಡನೇ ವರ್ಷ 14 ದಾಟಿದ. ಬೇಸಿಗೆಯಲ್ಲಿ ದೊಡ್ಡ ಹೆಸರಿನ ಟ್ರಾನ್ಸ್‌ಫರ್ ಹುಡುಕುವವರು ಮನೆಯಲ್ಲೇ ಇರುವ ಇಂಥವನನ್ನು ಮರೆಯುತ್ತಾರೆ.

2025ರ ಬೇಸಿಗೆಯಲ್ಲಿ ಯುಕಾನ್ ಏನು ಮಾಡಿತೆಂದು ನೋಡಿದರೆ ಅವರೂ ಇದೇ ಲೆಕ್ಕ ಹಾಕಿದ್ದು ಗೊತ್ತಾಗುತ್ತದೆ. ಕರಬಾನ್, ಬಾಲ್, ರೀಡ್ ಉಳಿದರು. ಹಿಂದಿನ ವರ್ಷ ಖಾಲಿ ಬಿದ್ದಿದ್ದ ಸಾಲಿಗೆ ಒಬ್ಬರಲ್ಲ, ಇಬ್ಬರು ಗಾರ್ಡ್‌ಗಳು ಬಂದರು: ಜಾರ್ಜಿಯಾದಿಂದ ಸೈಲಸ್ ಡೆಮರಿ, ಡೇಟನ್‌ನಿಂದ ಮಲಕೈ ಸ್ಮಿತ್. ಡೆಮರಿ ಎತ್ತರದವ, ಎದುರಾಳಿ ಗಾರ್ಡ್‌ಗೆ ಅಂಟಿಕೊಳ್ಳುವ ಕೆಲಸವೂ ಅವನಿಗೇ. ಸ್ಮಿತ್ ಬಂದದ್ದು ಮಾವಿಯಲ್ಲಿ ಇವರನ್ನು 18 ಪಾಯಿಂಟ್‌ಗಳಿಂದ ಸೋಲಿಸಿದ ಅದೇ ಡೇಟನ್‌ನಿಂದ.

ಇನ್ನು ನಿಮ್ಮ ಕೈಲಾಗುವ ಕೊನೆಯ ಪರೀಕ್ಷೆ. ಅಧಿಕೃತ ಅಭ್ಯಾಸ ಮೊದಲ ಪಂದ್ಯಕ್ಕೆ 42 ದಿನ ಮುಂಚೆ ಶುರುವಾಗುತ್ತದೆ, ಅಕ್ಟೋಬರ್ ಕೊನೆಗೆ ಪ್ರದರ್ಶನ ಪಂದ್ಯ ಇರುತ್ತದೆ. ಅದರ ಸ್ಕೋರ್ ಬರೆದುಕೊಳ್ಳಬೇಡಿ. ಮೂರು ಸಂಗತಿ ಬರೆದುಕೊಳ್ಳಿ: ಮೊದಲ ಬದಲಿಯಾಗಿ ಒಳಗೆ ಬಂದವ ಯಾರು, ಸೆಂಟರ್‌ಗೆ ಎರಡನೇ ಫೌಲ್ ಆದ ಕೂಡಲೇ ಕೋಚ್ ಯಾರನ್ನು ಕಳಿಸಿದ, ಅಂತರ ಕಡಿಮೆ ಇದ್ದರೆ ಕೊನೆಯ ನಾಲ್ಕು ನಿಮಿಷ ಅಂಗಳದಲ್ಲಿದ್ದ ಐವರು ಯಾರು. ಆರಂಭದ ಐವರು ಮತ್ತು ಆ ಐವರು ಬೇರೆಯಾಗಿದ್ದರೆ, ಮಾರ್ಚ್‌ನ ರಾಷ್ಟ್ರೀಯ ಟೂರ್ನಿಯಲ್ಲಿ ಆಡುವವರು ಎರಡನೆಯವರು.