ಬಳಕೆಯಾಗದ ಬ್ಯಾಂಡ್‌ವಿಡ್ತ್ ಅನ್ನು ಟೆಲಿಕಾಂ ಕಂಪನಿಗಳು ಸಂಶೋಧನಾ ಜಾಲಗಳಿಗೆ ದಾನ ಮಾಡಬಹುದೇ?

ಖಂಡಿತ ಮಾಡಬಹುದು, ಮಾಡಿದ್ದೂ ಉಂಟು. 2002ರಲ್ಲಿ ಟೈಕೋ ಟೆಲಿಕಮ್ಯುನಿಕೇಷನ್ಸ್ ಕಂಪನಿಯ ಕೊಡುಗೆಯಿಂದ ನ್ಯೂಯಾರ್ಕ್ ಮತ್ತು ನೆದರ್ಲೆಂಡ್ಸ್ ನಡುವೆ ಸೆಕೆಂಡಿಗೆ 10 ಗಿಗಾಬಿಟ್‌ ಸಾಮರ್ಥ್ಯದ ಸಂಪರ್ಕ ಸಂಶೋಧಕರಿಗೆ ಸಿಕ್ಕಿತು.

ಸಮುದ್ರದಡಿ ಕೇಬಲ್ ಹಾಕುವಾಗಲೇ ಮುಂದಿನ ಹಲವು ವರ್ಷಗಳ ಬೇಡಿಕೆಯನ್ನು ಲೆಕ್ಕ ಹಾಕಿರುತ್ತಾರೆ. ಹಾಗಾಗಿ ಕೂದಲೆಳೆಯಷ್ಟು ತೆಳ್ಳಗಿನ ಗಾಜಿನ ತಂತುವಿನೊಳಗೆ ಒಂದೊಂದೂ ಪ್ರತ್ಯೇಕ ದತ್ತಾಂಶ ಮಾರ್ಗವಾಗಬಲ್ಲ ಹತ್ತಾರು ಬೆಳಕಿನ ತರಂಗಾಂತರಗಳಿಗೆ ಜಾಗವಿದ್ದರೂ ಎಷ್ಟೋ ಖಾಲಿ ಉಳಿಯುತ್ತವೆ. ಅಂಥದೊಂದನ್ನು ಬಿಟ್ಟುಕೊಟ್ಟರೆ ಕಂಪನಿಯ ಗ್ರಾಹಕರಿಗೆ ಕಿಂಚಿತ್ತೂ ಅಡ್ಡಿಯಾಗದು. ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳನ್ನು ಬೆಸೆಯುವ ಯುರೋಪಿನ ಜಿಯಾಂಟ್, ಅಮೆರಿಕದ ಇಂಟರ್‌ನೆಟ್2ನಂಥ ಜಾಲಗಳಿಗೋ ಅದು ಬಹು ದೊಡ್ಡ ಆಸರೆ. ಜಿನೀವಾ ಬಳಿಯ ಕಣಭೌತವಿಜ್ಞಾನ ಪ್ರಯೋಗಾಲಯವಾದ ಸರ್ನ್‌ನ ಪ್ರಯೋಗಗಳ ದತ್ತಾಂಶ ಖಂಡಗಳನ್ನು ದಾಟುವುದು ಇಂಥ ಜಾಲಗಳ ಮೂಲಕವೇ.

ಆದರೆ ದಾನ ಪಡೆದವರಿಗೆ ಖರ್ಚು ತಪ್ಪಿದ್ದಲ್ಲ. ಎರಡೂ ತುದಿಗಳ ಉಪಕರಣ, ಕರಾವಳಿಯ ಕೇಬಲ್ ಕೇಂದ್ರದಿಂದ ವಿಶ್ವವಿದ್ಯಾಲಯದವರೆಗಿನ ಮಾರ್ಗ, ನಿರ್ವಹಣೆ ಇವೆಲ್ಲಕ್ಕೂ ಹಣ ಬೇಕು. ನನ್ನ ಮಟ್ಟಿಗೆ, ಅವಧಿಯನ್ನೂ ದುರಸ್ತಿಯ ಹೊಣೆಯನ್ನೂ ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳದೆ ಇಂಥ ಕೊಡುಗೆಯನ್ನು ಒಪ್ಪಲೇಬಾರದು.