ನರೇಗಾ ಕೂಲಿ ಏರಿದ್ರೂ ಸಾಲದು ಯಾಕೆ?
ತಾಯಿ ನರೇಗಾ (ಗ್ರಾಮೀಣ ಉದ್ಯೋಗ ಖಾತರಿ) ಕೂಲಿಗೆ ಹೋಗ್ತಿದ್ರು ಅಂತ ಹೇಳಿ ನೀವು ಕೇಳಿದ ಪ್ರಶ್ನೆ ಸರಿಯಾಗಿದೆ: 2021-22ರಲ್ಲಿ ದಿನಕ್ಕೆ 289 ರೂಪಾಯಿ ಇದ್ದ ಕರ್ನಾಟಕದ ನರೇಗಾ ಕೂಲಿ 2025-26ಕ್ಕೆ 370 ಆಯ್ತು, ಆದರೂ ತಾಯಿಯವರ ಕೈಯಲ್ಲಿ ಏನೂ ನಿಲ್ಲಲ್ಲ ಯಾಕೆ ಅಂತ.

ಒಂದು, ಈ ಏರಿಕೆ ಬಡ್ತಿ ಅಲ್ಲ, ಬೆಲೆಯೇರಿಕೆಗೆ ಕೊಡೋ ಭರ್ತಿ. ಪ್ರತಿ ಏಪ್ರಿಲ್‌ನಲ್ಲಿ ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕ (ಅವರು ಕೊಳ್ಳೋ ವಸ್ತುಗಳ ಬೆಲೆ ಎಷ್ಟು ಏರಿತು ಅನ್ನೋ ಲೆಕ್ಕ) ನೋಡಿ ಕೇಂದ್ರ ದರ ನಿಗದಿ ಮಾಡ್ತಿತ್ತು. ಆಗ ಬಳಸ್ತಿದ್ದ ಆ ಸೂಚ್ಯಂಕದ ಆಧಾರ ವರ್ಷ 1986-87 ಆಗಿತ್ತು! ಆ ಎಂಬತ್ತರ ದಶಕದ ಕೂಲಿಕಾರರ ಖರ್ಚಿನಲ್ಲಿ ಊಟವೇ ಬಹುಪಾಲು. ಆ ಲೆಕ್ಕದಲ್ಲಿ ಮೊಬೈಲ್ ರೀಚಾರ್ಜ್ ಎಲ್ಲಿಂದ ಬರಬೇಕು?

ಇನ್ನೊಂದು, ಇದೇ ಮುಖ್ಯ. 370 ಅನ್ನೋದು ಹಾಜರಿಗೆ ಸಿಗೋ ದುಡ್ಡಲ್ಲ, ಅಳತೆಗೆ ಸಿಗೋದು. ಗುಂಪಾಗಿ ಬದುವಿಗೆ ಗುಂಡಿ ತೋಡಿದ್ರೆ ಎಂಜಿನಿಯರ್ ಉದ್ದ, ಅಗಲ, ಆಳ ಅಳೀತಾರೆ. ನೆಲ ಗಟ್ಟಿಯಿದ್ದು ಗುಂಡಿ ಆಳ ಬರದಿದ್ರೆ ಎಲ್ಲರ ಕೂಲಿಯೂ ಇಳಿಯುತ್ತೆ. ಹಾಗಾಗಿ ಖಾತೆಗೆ ಎಷ್ಟು ಬಿತ್ತು ಅಂತ ಮೊದಲು ನೋಡಿ. ಕಡಿಮೆ ಇದ್ದರೆ ಪಂಚಾಯಿತಿಯಲ್ಲಿ ಅಳತೆ ಪುಸ್ತಕ ತೋರಿಸಿ ಅಂತ ಕೇಳಿ.

ಹೆಣ್ಣಾಳಿಗೆ ಮಾತ್ರ ಇಲ್ಲೊಂದು ಲಾಭ ಇತ್ತು: ಗಂಡಾಳಿನಷ್ಟೇ ದರ. ಕಳೆ ತೆಗೆಯೋಕೆ ಕರೆಯೋ ಗೌಡರ ಹತ್ತಿರ ಅದನ್ನ ಕೇಳಿ ನೋಡಿ!