ಒಂದು ಪಿಯಾನೊ, ನಾಲ್ಕು ಕೈ, ಹನ್ನೆರಡು ಬಾರ್

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ಕಲಿತವರು ಇಬ್ಬಿಬ್ಬರಾಗಿ ಕೂತು ಬೂಗಿ-ವೂಗಿ (ಎಡಗೈಯಲ್ಲಿ ಒಂದೇ ಓಟದ ಲಯ ಉರುಳುತ್ತಿರುವ ಅಮೆರಿಕದ ಪಿಯಾನೊ ಶೈಲಿ), ಜಾಝ್ ನುಡಿಸಲು ಹೊರಟಾಗ ಎಲ್ಲೆಲ್ಲಿ ಎಡವುತ್ತಾರೆ ಎಂಬ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮಗಳು ಪಿಯಾನೊ ಪರೀಕ್ಷೆಯ ಎಂಟನೇ ಗ್ರೇಡ್ ಮುಗಿಸಿದ್ದಾಳೆ. ಬಾಖ್, ಮೊಜಾರ್ಟ್ ಎಲ್ಲ ಸಲೀಸು. ಗೆಳತಿಯ ಜೊತೆ ಬೂಗಿ-ವೂಗಿ ನುಡಿಸಿದರೆ ಮಾತ್ರ ಟೈಪ್‌ರೈಟರ್ ಕುಟ್ಟಿದ ಹಾಗೆ ಕೇಳುತ್ತದೆ. ಒಂದು ಸ್ವರವೂ ತಪ್ಪಿಲ್ಲ. ಹಾಗಾದರೆ ತಪ್ಪಿರುವುದೆಲ್ಲಿ? (ಒಬ್ಬ ತಾಯಿ, ಮೈಸೂರು)

ಉತ್ತರ: ನಡೆಯಲ್ಲಿ. ಪುಸ್ತಕದಲ್ಲಿ ಒಂದು ಬಾರ್‌ನಲ್ಲಿ (ನಾಲ್ಕು ಬೀಟಿನ ಒಂದು ಅಳತೆಯಲ್ಲಿ) ಎಂಟು ಸಮನಾದ ಸ್ವರಗಳು ಅಚ್ಚಾಗಿರುತ್ತವೆ. ಶಾಸ್ತ್ರೀಯ ಕಣ್ಣು ಅದನ್ನು ಸಮವಾಗಿಯೇ ಓದುತ್ತದೆ. ಆದರೆ ನಡುವೇಗದ ಬೂಗಿಯಲ್ಲಿ ಪ್ರತಿ ಬೀಟನ್ನೂ ಮೂರು ಭಾಗ ಮಾಡಿ, ಮೊದಲ ಸ್ವರಕ್ಕೆ ಎರಡು ಭಾಗ, ಎರಡನೆಯದಕ್ಕೆ ಒಂದು ಭಾಗ ಕೊಡಬೇಕು. ಕರ್ನಾಟಕ ಸಂಗೀತ ಕೇಳಿ ಬೆಳೆದ ಮನೆಯಾದರೆ ಇದು ಸುಲಭ: ತಿಶ್ರ ನಡೆಯಲ್ಲಿ ‘ತ ಕಿ ಟ’ ಎಂದು ಹೇಳಿಕೊಂಡು ‘ಕಿ’ಯನ್ನು ನುಂಗಿಬಿಡಿ. ಉಳಿಯುವ ‘ತ–ಟ, ತ–ಟ’ ಇದೆಯಲ್ಲ, ಅದೇ ಶಫಲ್ ಎಂಬ ಲಯ. ಕೆಲವು ಮುದ್ರಣಗಳಲ್ಲಿ ಇದನ್ನೇ ಚುಕ್ಕೆ ಹಾಕಿದ ಉದ್ದ ಸ್ವರ, ಅದರ ಪಕ್ಕ ಗಿಡ್ಡ ಸ್ವರ ಎಂದು ಬರೆದಿರುತ್ತಾರೆ. ಅದನ್ನು ಲೆಕ್ಕದ ಪ್ರಕಾರ ನುಡಿಸಿದರೆ ಮೂರಕ್ಕೊಂದರ ಪಾಲಾಗಿ ಕುಂಟು ಕುದುರೆಯ ಓಟವಾಗುತ್ತದೆ. ವೇಗ ಹೆಚ್ಚಿದಂತೆ ಎರಡೂ ಸ್ವರ ಸಮವಾಗುತ್ತ ಬರುತ್ತವೆ. ನಿಮಿಷಕ್ಕೆ 200 ಬೀಟ್ ಹತ್ತಿರ ಹೋದಾಗ ಎರಡಕ್ಕೊಂದರ ಪಾಲನ್ನು ಹಿಡಿದು ಕೂರುವುದೂ ತಪ್ಪೇ.

ಮೊದಲು ಎಡಗೈ ಒಂದೇ ಸಾಕು. ಸಿ, ಇ, ಜಿ, ಎ, ಬಿ ಫ್ಲ್ಯಾಟ್, ಎ, ಜಿ, ಇ: ಇದು ಒಂದು ಬಾರ್. ಬೆರಳುಗಳು 5-3-2-1-2-1-2-3 (ಹೆಬ್ಬೆರಳು 1, ಕಿರುಬೆರಳು 5), ಬಿ ಫ್ಲ್ಯಾಟ್‌ಗೆ ತೋರುಬೆರಳು ಹೆಬ್ಬೆರಳ ಮೇಲಿಂದ ದಾಟುತ್ತದೆ. ಇದೇ ಆಕಾರವನ್ನು ಎಫ್ ಮೇಲೆ, ಜಿ ಮೇಲೆ ಕೂರಿಸಿ. ಹನ್ನೆರಡು ಬಾರಿನ ಚೌಕಟ್ಟು ಹೀಗಿರುತ್ತದೆ: ನಾಲ್ಕು ಬಾರ್ ಸಿ, ಎರಡು ಎಫ್, ಎರಡು ಸಿ, ಒಂದು ಜಿ, ಒಂದು ಎಫ್, ಎರಡು ಸಿ. ನಿಮಿಷಕ್ಕೆ 80ರ ವೇಗದಲ್ಲಿ ನಾಲ್ಕು ಸುತ್ತು ನಿಲ್ಲದೆ ಬಂದಮೇಲೆ ನಾಲ್ಕು ನಾಲ್ಕು ಅಂಕ ಏರಿಸಿ. ಸ್ವರಗಳನ್ನು ಅಂಟಿಸಬೇಡಿ, ಚುಚ್ಚಲೂಬೇಡಿ. ಮುಂದಿನ ಕೀ ಒತ್ತುವ ಮುನ್ನ ಹಿಂದಿನದನ್ನು ಕೂದಲೆಳೆಯಷ್ಟು ಮುಂಚೆ ಬಿಟ್ಟರೆ ಸಾಕು.

ಇನ್ನೊಂದು ಅಭ್ಯಾಸ ಟಿಕ್ ಟಿಕ್ ಎಂದು ವೇಗ ತೋರಿಸುವ ಮೆಟ್ರೊನೋಮಿನದು. 100ರ ವೇಗ ಬೇಕಾದರೆ ಅದನ್ನು 50ಕ್ಕಿಟ್ಟು, ಬರುವ ಟಿಕ್ ಸದ್ದನ್ನು 2 ಮತ್ತು 4ನೇ ಬೀಟ್ ಎಂದು ಎಣಿಸಿ. ಮೊದಲ ದಿನ ಅದು ಮತ್ತೆ ಮತ್ತೆ 1 ಮತ್ತು 3ಕ್ಕೆ ಜಾರುತ್ತದೆ. ಒಂದು ವಾರ ಬಿಡದೆ ಹಿಡಿಯಿರಿ. ಶಾಸ್ತ್ರೀಯ ತರಬೇತಿ ಕಲಿಸಿದ ಮೂರು ಒಳ್ಳೆಯ ಗುಣಗಳು ಇಲ್ಲಿ ಕಾಟ ಕೊಡುತ್ತವೆ: ಪ್ರತಿ ಬಾರಿನ ಮೊದಲ ಸ್ವರಕ್ಕೆ ಒತ್ತು, ವಾಕ್ಯದ ಕೊನೆಯಲ್ಲಿ ಸದ್ದು ಇಳಿಸುವುದು, ಹನ್ನೆರಡನೇ ಬಾರ್ ಬಂತೆಂದು ವೇಗ ತಗ್ಗಿಸುವುದು. ಬೂಗಿಯ ಎಡಗೈ ಡ್ರಮ್ಮು, ಅದು ಉಸಿರು ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ: ನಾನೂ ತಮ್ಮನೂ ಒಂದೇ ಪಿಯಾನೊದಲ್ಲಿ ನುಡಿಸುತ್ತೇವೆ. ಮೊಣಕೈ ತಾಗುತ್ತದೆ, ನಡುವಿನ ಕೀಗಳಿಗೆ ಇಬ್ಬರದೂ ಜಗಳ, ಒಟ್ಟು ಸದ್ದು ಕೆಸರು. ಯಾರು ಏನು ನುಡಿಸಬೇಕು? ಪೆಡಲ್ ಯಾರದು? (ಅಕ್ಕ, ಧಾರವಾಡ)

ಉತ್ತರ: ಒಬ್ಬರೇ ನುಡಿಸುವುದನ್ನು ಇಬ್ಬರೂ ಪೂರ್ತಿ ನುಡಿಸಿದರೆ ಕೆಸರಾಗದೆ ಇನ್ನೇನು? ಜೋಡಿ ವಾದನವೆಂದರೆ ಕೆಲಸ ಹಂಚಿಕೊಳ್ಳುವುದು. ಎಡಬದಿಯಲ್ಲಿ ಕೂರುವವರು ಸೆಕಂಡೊ, ಬಲಬದಿಯವರು ಪ್ರೀಮೊ. 88 ಕೀಗಳ ಅಗಲ ಸುಮಾರು 122 ಸೆಂಟಿಮೀಟರ್ ಮಾತ್ರ, ಅದರಲ್ಲಿ ಇಬ್ಬರು ದೊಡ್ಡವರು ಕೂರಬೇಕು. ಒಂದೇ ಉದ್ದ ಬೆಂಚಿಗಿಂತ ಎರಡು ಬಿಡಿ ಸ್ಟೂಲ್ ಉತ್ತಮ. ಎರಡನ್ನೂ ಹೊರಕ್ಕೆ ಸರಿಸಿ, ಇಬ್ಬರೂ ತುಸು ಒಳಮುಖವಾಗಿ ಕೂತರೆ ಮೊಣಕೈಗೆ ಜಾಗ ಸಿಗುತ್ತದೆ. ಒಳಬದಿಯ ಕೈಯಲ್ಲಿ ವಾಚು, ಬಳೆ ಬೇಡ.

ಈಗ ಹಂಚಿಕೆ. ಸೆಕಂಡೊದ ಎಡಗೈ ನಡು ಸಿಗಿಂತ (ಕೀಬೋರ್ಡಿನ ಮಧ್ಯದ ಸಿ) ಎರಡು ಆಕ್ಟೇವ್, ಅಂದರೆ ಎರಡು ಸ್ಥಾಯಿ, ಕೆಳಗಿನ ಸಿಯಿಂದ ಮೇಲೆ ಬೇಸ್ (ಕೆಳಸ್ವರಗಳ ಸಾಲು) ನುಡಿಸಲಿ. ಸೆಕಂಡೊದ ಬಲಗೈ ನಡು ಸಿಯ ಕೆಳಗೇ ಇರಲಿ, ಕಾರ್ಡಿನ (ಒಟ್ಟಿಗೆ ಒತ್ತುವ ಸ್ವರಗುಚ್ಛದ) ಎರಡೇ ಸ್ವರ ಹಿಡಿಯಲಿ. ಸಿ ಸೆವೆಂತ್‌ಗೆ (ಸಿ ಮೇಲೆ ಕಟ್ಟಿದ ನಾಲ್ಕು ಸ್ವರದ ಕಾರ್ಡ್) ಇ ಮತ್ತು ಬಿ ಫ್ಲ್ಯಾಟ್. ಎಫ್ ಸೆವೆಂತ್ ಬಂದಾಗ ಎರಡೂ ಬೆರಳು ಅರ್ಧ ಸ್ವರ ಕೆಳಗೆ ಜಾರಿದರೆ ಇ ಫ್ಲ್ಯಾಟ್, ಎ. ಜಿ ಸೆವೆಂತ್‌ಗೆ ಮೊದಲಿನ ಜಾಗದಿಂದ ಅರ್ಧ ಸ್ವರ ಮೇಲೆ ಹೋದರೆ ಎಫ್, ಬಿ. ಕೈ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಮೂರೂ ಕಾರ್ಡ್ ಸಿಗುತ್ತವೆ. ಕಾರ್ಡಿನ ಮೂಲ ಸ್ವರವನ್ನು ಬೇಸ್ ಹೇಗೂ ಹೇಳುತ್ತಿದೆ, ಬಲಗೈ ಅದನ್ನು ಮತ್ತೆ ಹೇಳುವುದರಿಂದಲೇ ಸದ್ದು ದಪ್ಪವಾಗುವುದು. ಇನ್ನೂ ಕೆಳಗಿನ ಆಕ್ಟೇವ್‌ನಲ್ಲಿ ಪೂರ್ತಿ ಕಾರ್ಡ್ ಹಿಡಿಯಲೇಬೇಡಿ. ಅಲ್ಲಿ ಮೂರು ಸ್ವರ ಸೇರಿದರೆ ಗುಂಯ್‌ಗುಡುತ್ತದೆ ಅಷ್ಟೆ.

ಪ್ರೀಮೊದ ಎಡಗೈ ನಡು ಸಿಗಿಂತ ಮೇಲಿನ ಜಿಯಿಂದ ಶುರುವಾಗಲಿ. ಹೀಗೆ ನಡುವೆ ಅರ್ಧ ಆಕ್ಟೇವ್ ಖಾಲಿ ಬಿಟ್ಟರೆ ಜಗಳಕ್ಕೆ ಕಾರಣವೇ ಇರುವುದಿಲ್ಲ. ಕೈಗಳು ಹತ್ತಿರ ಬರಲೇಬೇಕಾದ ಕಡೆ ಸೆಕಂಡೊ ಮಣಿಕಟ್ಟು ತಗ್ಗಿಸಿ ಕೀಗಳ ಅಂಚಿನಲ್ಲಿ, ಪ್ರೀಮೊ ಮಣಿಕಟ್ಟು ಎತ್ತಿ ಕಪ್ಪು ಕೀಗಳ ಬಳಿ ನುಡಿಸಲಿ. ಇದನ್ನು ಮೊದಲೇ ಮಾತಾಡಿಕೊಂಡು ಪುಸ್ತಕದಲ್ಲಿ ಪೆನ್ಸಿಲ್ ಗುರುತು ಹಾಕಿ.

ನಾಲ್ಕು ಕೈಯ ಶಾಸ್ತ್ರೀಯ ಕೃತಿಗಳಲ್ಲಿ ಸದ್ದನ್ನು ಉಳಿಸುವ ಪೆಡಲ್ ಸಾಮಾನ್ಯವಾಗಿ ಸೆಕಂಡೊದ ಜವಾಬ್ದಾರಿ. ಬೂಗಿಯಲ್ಲಿ ಅದರ ಅಗತ್ಯ ತೀರಾ ಕಡಿಮೆ. ಶೂಬರ್ಟ್‌ನ ಎಫ್ ಮೈನರ್ ಫಾಂಟಸಿ ನುಡಿಸಿ ಬಂದ ಕಾಲು ಮಾತ್ರ ತಾನಾಗಿ ಪೆಡಲ್ ಹುಡುಕುತ್ತದೆ. ಪಾದವನ್ನು ಪೆಡಲ್‌ನಿಂದ ಹಿಂದಕ್ಕೆಳೆದು ಹಿಮ್ಮಡಿಯಲ್ಲಿ ತಾಳ ಹಾಕಲು ಬಿಡಿ.

ಪ್ರಶ್ನೆ: ಎರಡು ನಿಮಿಷ ನುಡಿಸುವಷ್ಟರಲ್ಲಿ ಎಡಗೈಯ ಮುಂದೋಳು ಕಲ್ಲಾಗುತ್ತದೆ. ಹತ್ತು ವರ್ಷ ಎಟ್ಯೂಡ್ (ಅಭ್ಯಾಸ ಕೃತಿ) ನುಡಿಸಿದ ಕೈಗೆ ಹೀಗೇಕೆ? (ಸಂಗೀತ ಶಿಕ್ಷಕ, ಮಂಗಳೂರು)

ಉತ್ತರ: ಎಟ್ಯೂಡ್‌ಗಳಲ್ಲಿ ಕೈಯ ಆಕಾರ ಬದಲಾಗುತ್ತಿರುತ್ತದೆ. ಒಂದೇ ಸ್ವರವನ್ನು ಕೆಳಗೊಮ್ಮೆ ಮೇಲೊಮ್ಮೆ ನುಡಿಸುವ ಬೂಗಿಯ ಒಡೆದ ಆಕ್ಟೇವ್ ಬೇಸ್‌ನಲ್ಲಿ ಕಿರುಬೆರಳು–ಹೆಬ್ಬೆರಳು ಒಂದೇ ಅಗಲಕ್ಕೆ ಹಿಗ್ಗಿ, ಪ್ರತಿ ಬಾರ್‌ಗೆ ಎಂಟು ಏಟಿನಂತೆ ನಿಮಿಷಗಟ್ಟಲೆ ಅಲ್ಲೇ ಇರುತ್ತವೆ. ಹಿಗ್ಗಿದ ಕೈಯನ್ನು ಬೆರಳಿನಿಂದ ಎತ್ತಿ ಕುಟ್ಟಲು ಹೋದರೆ ಸ್ನಾಯು ಸಡಿಲಾಗಲು ಬಿಡುವೇ ಇರುವುದಿಲ್ಲ. ಬೀಗದ ಕೈ ತಿರುಗಿಸುವ ಹಾಗೆ ಮುಂದೋಳನ್ನೇ ಆಚೆ ಈಚೆ ಹೊರಳಿಸಿ, ಬೆರಳುಗಳು ಆ ಹೊರಳಿನ ಮೇಲೆ ಸುಮ್ಮನೆ ಸವಾರಿ ಮಾಡಲಿ. ಮೇಜಿನ ಮೇಲೆ ಕೈಯಿಟ್ಟು ಹೆಬ್ಬೆರಳು, ಕಿರುಬೆರಳು ಮಾತ್ರ ತಾಗುವಂತೆ ಹೊರಳಿಸಿ ನೋಡಿ, ಆಮೇಲೆ ಪಿಯಾನೊಗೆ ಹೋಗಿ. ನಡುವಿನ ಮೂರು ಬೆರಳು ಮೇಲಕ್ಕೆ ಚಾಚಿಕೊಂಡಿದ್ದರೆ ಬಿಗಿತ ಇನ್ನೂ ಇದೆ ಎಂದರ್ಥ.

ಜೋಡಿಯ ಲಾಭ ಇಲ್ಲೇ ಇದೆ: ಬಲಗೈಯ ಭಾರ ಪ್ರೀಮೊ ಹೊತ್ತಿರುವುದರಿಂದ ಸೆಕಂಡೊ ಒಡೆದ ಆಕ್ಟೇವನ್ನು ಎರಡೂ ಕೈಗೆ ಹಂಚಿಬಿಡಬಹುದು, ಕೆಳ ಸ್ವರ ಎಡಕ್ಕೆ, ಮೇಲಿನದು ಬಲಕ್ಕೆ. ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ಎರಡು ಸುತ್ತಿಗೊಮ್ಮೆ ಸರಳ ಬೇಸ್‌ಗೆ ಇಳಿಯಿರಿ, ಆಗಾಗ ಜಾಗ ಬದಲಿಸಿ ಕೂರಿ. ನುಡಿಸುವಾಗ ಬರುವ ದಣಿವು ಬೇರೆ. ನಿಲ್ಲಿಸಿದ ಮೇಲೂ ಉಳಿಯುವ ನೋವು ಅಥವಾ ಬೆರಳಿನ ಜೋಮು ಬೇರೆ. ಎರಡನೆಯದಾದರೆ ಅಭ್ಯಾಸ ಬಿಟ್ಟು ವೈದ್ಯರಿಗೆ ತೋರಿಸಿ.

ಪ್ರಶ್ನೆ: ಸ್ವರಲಿಪಿ ಇಲ್ಲದೆ ಕೂತರೆ ಇಬ್ಬರೂ ಒಟ್ಟಿಗೆ ಮಾತಾಡಿದ ಹಾಗಾಗುತ್ತದೆ. ನಾಲ್ಕು ನಾಲ್ಕು ಬಾರ್ ಸರದಿ ಮೇಲೆ ನುಡಿಸೋಣ ಎಂದುಕೊಂಡರೂ ಎರಡನೇ ಸುತ್ತಿನಲ್ಲಿ ಸರದಿ ಯಾರದೆಂದೇ ಮರೆತುಹೋಗುತ್ತದೆ. ಮುಗಿಸುವುದಂತೂ ಯಾವಾಗಲೂ ಅಪಘಾತ. (ಇಬ್ಬರು ವಿದ್ಯಾರ್ಥಿಗಳು, ಬೆಂಗಳೂರು)

ಉತ್ತರ: ಮರೆಯುವುದು ಸಹಜ, ಅದಕ್ಕೆ ಲೆಕ್ಕವೇ ಕಾರಣ. ಹನ್ನೆರಡು ಬಾರಿನಲ್ಲಿ ನಾಲ್ಕರ ತುಂಡು ಮೂರು. ಮೊದಲ ಸುತ್ತು ನೀವು–ಅವರು–ನೀವು ಎಂದಾದರೆ ಎರಡನೆಯದು ಅವರು–ನೀವು–ಅವರು. ಅಂದರೆ ಪ್ರತಿ ಸುತ್ತಿಗೂ ಶುರು ಮಾಡುವವರು ಬದಲಾಗುತ್ತಾರೆ. ಎಂಟು, ಹದಿನಾರು ಬಾರಿನ ವಾಕ್ಯಗಳಿಗೆ ಒಗ್ಗಿದ ಕಿವಿಗೆ ಇದು ಮೊದಮೊದಲು ಹಿಡಿತಕ್ಕೆ ಸಿಗದು. ಎರಡೆರಡು ಬಾರಿನ ಸರದಿಯಾದರೆ ಆರು ತುಂಡಾಗಿ ಸುತ್ತು ಸರಿಯಾಗಿ ಕೂರುತ್ತದೆ; ಅಭ್ಯಾಸ ಅಲ್ಲಿಂದ ಶುರುವಾಗಲಿ. ತನಿ ಆವರ್ತನದಲ್ಲಿ ಮೃದಂಗ, ಘಟ ಸರದಿಯನ್ನು ಕಿರಿದು ಮಾಡುತ್ತ ಹೋಗುವುದನ್ನು ನೀವು ಕೇಳಿರುತ್ತೀರಿ. ಇಲ್ಲೂ ನಾಲ್ಕರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಸಿದರೆ ಬಿಸಿ ತಾನಾಗಿ ಏರುತ್ತದೆ. ಒಂದು ನಿಯಮ ಮಾತ್ರ ಮೀರಬೇಡಿ: ಯಾರ ಸರದಿಯೇ ಇರಲಿ, ಬೇಸ್ ನಿಲ್ಲಬಾರದು. ಸೆಕಂಡೊ ತನ್ನ ಸರದಿಯನ್ನು ಬಲಗೈಯಲ್ಲಷ್ಟೇ ನುಡಿಸಬೇಕು. ಆಗ ಪ್ರೀಮೊ ಗಿಡ್ಡ ಕಾರ್ಡ್‌ಗಳಿಗೆ ಇಳಿಯಬೇಕು ಇಲ್ಲವೇ ಸುಮ್ಮನಿರಬೇಕು. ಸುಮ್ಮನಿರುವುದು ಶಾಸ್ತ್ರೀಯ ತರಬೇತಿಯವರಿಗೆ ಯಾಕೋ ಬಹಳ ಕಷ್ಟ.

ಶುರುವಿಗೆ 9ರಿಂದ 12ರವರೆಗಿನ ನಾಲ್ಕು ಬಾರನ್ನೇ ಪೀಠಿಕೆಯಾಗಿ ನುಡಿಸಿ, ಇಬ್ಬರಿಗೂ ವೇಗ ಗೊತ್ತಾಗುತ್ತದೆ. ಮುಗಿಸುವ ಸುತ್ತಿನ 8ನೇ ಬಾರಿನಲ್ಲಿ ಒಬ್ಬರು ತಲೆ ಎತ್ತಿ ಸನ್ನೆ ಮಾಡಲಿ. ಯಾರು ಎಂಬುದು ಮೊದಲೇ ನಿಕ್ಕಿಯಾಗಿರಲಿ. 11ನೇ ಬಾರಿನ ಮೊದಲ ಬೀಟಿಗೆ ಇಬ್ಬರೂ ಸಿ ಹೊಡೆದು ಕೈ ಎತ್ತಿ. ಸೆಕಂಡೊ ಒಬ್ಬರೇ ಮುಂದಿನ ಮೂರು ಬೀಟಿಗೆ ಇ, ಎಫ್, ಎಫ್ ಶಾರ್ಪ್ ಹತ್ತಿ, 12ರ ಮೊದಲ ಬೀಟಿಗೆ ಜಿ ತಲುಪಲಿ. ಎರಡನೇ ಬೀಟಿಗೆ ಇಬ್ಬರೂ ಡಿ ಫ್ಲ್ಯಾಟ್ ಸೆವೆಂತ್ ಗಿಡ್ಡವಾಗಿ, ಮೂರನೆಯದಕ್ಕೆ ಸಿ ಸೆವೆಂತ್ ಉದ್ದವಾಗಿ. ಇಲ್ಲೊಂದು ಸ್ವಾರಸ್ಯವಿದೆ. ಸೆಕಂಡೊದ ಬಲಗೈ ಜಿ ಸೆವೆಂತ್‌ಗೆ ಹಿಡಿದಿದ್ದ ಎಫ್–ಬಿ ಜೋಡಿಯೇ ಡಿ ಫ್ಲ್ಯಾಟ್ ಸೆವೆಂತ್‌ಗೂ ಸಲ್ಲುತ್ತದೆ, ಬೇಸ್ ಒಂದು ಬದಲಾದರೆ ಸಾಕು. ಅಲ್ಲಿಂದ ಅರ್ಧ ಸ್ವರ ಇಳಿದರೆ ಸಿ ಸೆವೆಂತ್‌ನ ಇ–ಬಿ ಫ್ಲ್ಯಾಟ್ ಬಂತು.

ಪ್ರಶ್ನೆ: ಬೀಥೊವನ್ ಬೂಗಿ-ವೂಗಿ ಬರೆದಿದ್ದಾನೆ ಎನ್ನುತ್ತಾರೆ. ನಿಜವೇ? ಈ ಎರಡು ಲೋಕಗಳಲ್ಲಿ ಓಡಾಡಿದ ಜೋಡಿಗಳು ಯಾರು? (ಓದುಗ, ಶಿವಮೊಗ್ಗ)

ಉತ್ತರ: 1822ರಲ್ಲಿ ಮುಗಿಸಿದ ಕೊನೆಯ ಪಿಯಾನೊ ಸೊನಾಟಾದ, ಅಂದರೆ ಓಪಸ್ 111ರ ಎರಡನೇ ಭಾಗದ ಮೂರನೇ ವೇರಿಯೇಷನ್ ಕೇಳಿ. ಕುಪ್ಪಳಿಸುವ ಆ ಲಯ ಬೂಗಿಯಂತೆಯೇ ಕೇಳುತ್ತದೆ. ಆದರೆ ಅದು ಬರೀ ಹೋಲಿಕೆ, ನೆಂಟಸ್ತಿಕೆಯಲ್ಲ. ಬೂಗಿ-ವೂಗಿ ಬಂದದ್ದು ಅಮೆರಿಕದ ಕಪ್ಪು ಪಿಯಾನೊ ವಾದಕರಿಂದ, ದಕ್ಷಿಣದ ಮರ ಕಡಿಯುವ ಕ್ಯಾಂಪುಗಳ ಹೆಂಡದಂಗಡಿಗಳಲ್ಲಿ ಬೆಳೆದು ಶಿಕಾಗೊ ಸೇರಿದ ಸಂಗೀತವದು. ಪಿಯಾನೊ ವಾದಕ ಪೈನ್‌ಟಾಪ್ ಸ್ಮಿತ್ 1928ರಲ್ಲಿ ಮಾಡಿದ ಧ್ವನಿಮುದ್ರಣದಿಂದ ಹೆಸರು ಊರೂರಿಗೆ ಹರಡಿತು. 1938ರ ಡಿಸೆಂಬರ್ 23ರಂದು ಆಲ್ಬರ್ಟ್ ಅಮ್ಮನ್ಸ್, ಮೀಡ್ ಲಕ್ಸ್ ಲೂಯಿಸ್, ಪೀಟ್ ಜಾನ್ಸನ್ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ ಮೇಲೆ ದೊಡ್ಡ ಗೀಳೇ ಶುರುವಾಯಿತು. ಅಮ್ಮನ್ಸ್, ಲೂಯಿಸ್ ಶಿಕಾಗೊದಲ್ಲಿ ಟ್ಯಾಕ್ಸಿ ಓಡಿಸಿದವರು, ಕನ್ಸರ್ವೇಟರಿಯ (ಸಂಗೀತ ವಿದ್ಯಾಲಯದ) ಮೆಟ್ಟಿಲು ಹತ್ತಿದವರಲ್ಲ. 1941ರಲ್ಲಿ ಅಮ್ಮನ್ಸ್–ಜಾನ್ಸನ್ ಎರಡು ಪಿಯಾನೊದಲ್ಲಿ ಮಾಡಿದ ಧ್ವನಿಮುದ್ರಣಗಳು ಜೋಡಿ ಬೂಗಿಗೆ ಇಂದಿಗೂ ಪಠ್ಯಪುಸ್ತಕ. ಒಬ್ಬರು ಗೋಡೆ ಕಟ್ಟಿದರೆ ಇನ್ನೊಬ್ಬರು ಕಿಟಕಿ ಕೊರೆಯುತ್ತಾರೆ.

ಶಾಸ್ತ್ರೀಯ ಬದಿಯಿಂದ ಬಂದವರಲ್ಲಿ ಹೇಜಲ್ ಸ್ಕಾಟ್ ಮೊದಲು ನೆನಪಾಗುತ್ತಾರೆ. ಟ್ರಿನಿಡಾಡ್‌ನಲ್ಲಿ ಹುಟ್ಟಿ, ಜೂಲಿಯಾರ್ಡ್‌ನ ಗುರುವಿನ ಬಳಿ ಕಲಿತು, ನ್ಯೂಯಾರ್ಕಿನ ಕೆಫೆ ಸೊಸೈಟಿ ಕ್ಲಬ್ಬಿನಲ್ಲಿ ಬಾಖ್, ಲಿಸ್ಟ್ ಕೃತಿಗಳನ್ನು ನೆಟ್ಟಗೆ ಶುರು ಮಾಡಿ ಜಾಝ್‌ನ ಸ್ವಿಂಗ್ ಲಯಕ್ಕೆ ತಿರುಗಿಸುತ್ತಿದ್ದರು. ವಿಯೆನ್ನಾದ ಫ್ರೀಡ್ರಿಶ್ ಗುಲ್ಡಾ 1946ರಲ್ಲಿ, 16ರ ವಯಸ್ಸಿಗೇ ಜಿನೀವಾ ಸ್ಪರ್ಧೆ ಗೆದ್ದವರು. ಹತ್ತು ವರ್ಷದಲ್ಲಿ ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ಜಾಝ್ ನುಡಿಸುತ್ತಿದ್ದರು. 1982ರಲ್ಲಿ ಮ್ಯೂನಿಕ್‌ನಲ್ಲಿ ಅವರು ಜಾಝ್ ಪಿಯಾನೊ ವಾದಕ ಚಿಕ್ ಕೊರಿಯಾ ಜೊತೆ ನುಡಿಸಿದ ಕಛೇರಿ ಧ್ವನಿಮುದ್ರಣವಾಗಿ ಸಿಗುತ್ತದೆ, ಹುಡುಕಿ ಕೇಳಿ. 11ರ ವಯಸ್ಸಿನಲ್ಲಿ ಶಿಕಾಗೊ ಸಿಂಫನಿ ಜೊತೆ ಮೊಜಾರ್ಟ್ ನುಡಿಸಿದ್ದ ಹರ್ಬಿ ಹ್ಯಾನ್‌ಕಾಕ್, ಇದೇ ಕೊರಿಯಾ ಜೊತೆ 1978ರಲ್ಲಿ ಕೊಟ್ಟ ಜೋಡಿ ಕಛೇರಿಗಳೂ ಇವೆ. ಬೂಗಿಯೊಂದನ್ನೇ ಹಿಡಿದವರು ಬೇಕೆಂದರೆ ಹ್ಯಾಂಬರ್ಗ್‌ನ ಆಕ್ಸೆಲ್ ಜ್ವಿಂಗೆನ್‌ಬೆರ್ಗರ್. ಹನ್ನೊಂದು ವರ್ಷ ಮಾಮೂಲಿ ಪಿಯಾನೊ ಪಾಠ ಕಲಿತು ಇತ್ತ ತಿರುಗಿದವರು. ಬರೆದಿಟ್ಟದ್ದೇ ಬೇಕು ಎನ್ನುವ ಒಂಟಿ ವಾದಕರಿಗೆ ಮಾರ್ಟನ್ ಗೂಲ್ಡ್ 1943ರಲ್ಲಿ ಬರೆದ ಬೂಗಿ-ವೂಗಿ ಎಟ್ಯೂಡ್ ಇದೆ, ಮಾಸ್ಕೊ ಕನ್ಸರ್ವೇಟರಿಯಲ್ಲಿ ಕಲಿತ ನಿಕೊಲಾಯ್ ಕಪುಸ್ತಿನ್‌ನ ಎಟ್ಯೂಡ್‌ಗಳಿವೆ. ಎರಡೂ ಕಷ್ಟ. ಮೊದಲ ವರ್ಷಕ್ಕೆ ಬೇಡ.

ಪ್ರಶ್ನೆ: ಮನೆಯಲ್ಲಿ 61 ಕೀಗಳ ಕೀಬೋರ್ಡ್ ಇದೆ. ಇಬ್ಬರಿಗೆ ಸಾಕೇ? (ಓದುಗರು, ಹಾಸನ)

ಉತ್ತರ: ಸಾಲದು. ಸಾಮಾನ್ಯವಾಗಿ ಅದರ ತೀರಾ ಕೆಳಗಿನ ಸ್ವರವೇ ಬೂಗಿ ಬೇಸ್‌ನ ಆರಂಭದ ಸಿ, ಅದಕ್ಕಿಂತ ಕೆಳಗೆ ಜಾಗವಿಲ್ಲ; ಇಬ್ಬರು ಕೂತರೆ ಪ್ರೀಮೊಗೂ ಇಕ್ಕಟ್ಟು. ತೂಕದ ಕೀಗಳಿರುವ 88ರ ಡಿಜಿಟಲ್ ಪಿಯಾನೊ ತೆಗೆದುಕೊಳ್ಳಿ. ಹಲವು ಮಾದರಿಗಳಲ್ಲಿ ಇಬ್ಬರಿಗೆಂದೇ ಒಂದು ‘ಡ್ಯುಯೊ’ ವ್ಯವಸ್ಥೆ ಇರುತ್ತದೆ. ಹೆಸರು ನೋಡಿ ಅದನ್ನು ಒತ್ತಬೇಡಿ. ಕೀಬೋರ್ಡನ್ನು ಎರಡು ಪಾಲು ಮಾಡಿ ಎರಡಕ್ಕೂ ಒಂದೇ ಶ್ರುತಿಯ ಸ್ವರಗಳನ್ನು ಕೊಡುವ ವ್ಯವಸ್ಥೆಯದು, ಗುರು ನುಡಿಸಿದ್ದನ್ನು ಶಿಷ್ಯ ಪಕ್ಕದಲ್ಲೇ ನುಡಿಸಲೆಂದು ಮಾಡಿದ್ದು. ಅದು ಚಾಲೂ ಇದ್ದರೆ ಸೆಕಂಡೊಗೆ ಆಳದ ಬೇಸ್ ಇರುವುದಿಲ್ಲ, ಪ್ರೀಮೊಗೆ ಎತ್ತರದ ಸ್ವರ ಇರುವುದಿಲ್ಲ, ಇಬ್ಬರೂ ಒಂದೇ ಆಕ್ಟೇವ್‌ನಲ್ಲಿ ಗುದ್ದಾಡುತ್ತೀರಿ. ಅದನ್ನು ಆಫ್ ಮಾಡಿಟ್ಟುಕೊಂಡೇ ಕೂರಿ.